ಮಷೀನ್ ಆಮ್ಯಾಲ, ಮೊದಲು ಬ್ಯಾಟರಿ ನೋಡ್ರಿ; ಪೆಟ್ಟಿಗಿ ಅಂತೂ ಮನ್ಯಾಗೇ ಮಾಡ್ರಿ

ಹೋದ ವಾರ ನಮ್ಮ ಮನ್ಯಾಗ ಖಾಲಿ ಪೆಟ್ಟಿಗಿ ಸಲುವಾಗಿ ಜಗಳ ಆಯ್ತು. ಖಾಲಿ ಅಂದ್ರ ಖರೇನೇ ಖಾಲಿ. ಪ್ಲಾಸ್ಟಿಕ್ಕಿನ ಮೂರು ಪೆಟ್ಟಿಗಿ, ಒಂದರ ಮ್ಯಾಲೊಂದು ಕೂಡ್ತಾವ, ಕಟ್ ಅಂತ ಕೊಕ್ಕಿ ಬೀಳ್ತದ, ಕೆಳಗಿಂದಕ್ಕ ಎರಡು ಗಾಲಿ, ಎಳಕೊಂಡು ಹೋಗ್ಲಾಕ ಒಂದು ಹಿಡಿಕಿ. ನಮ್ಮ ಹಿರಿ ಮಗ ಫೋನಿನಾಗ ಫೋಟೋ ತೋರ್ಸಿ, "ಅವ್ವಾ, ಮೂರೂ ಕೂಡಿ ಹನ್ನೊಂದು ಸಾವಿರ ಅಷ್ಟ ನೋಡು" ಅಂದ. ಅಷ್ಟ ಅಂತ! ನಾ ರೊಟ್ಟಿ ಬಡಿಯೋದು ಬಿಟ್ಟು ಹಿಟ್ಟಿನ ಕೈಲೇ ಎದ್ದು ಬಂದೆ. ಕಟ್ಟಿಗಿ ಕೆಲಸ ಮಾಡೋ ಮನಿ ನಮ್ಮದು. ಮೂಲ್ಯಾಗ ಪ್ಲೈವುಡ್ ತುಂಡು ರಾಶಿ ಬಿದ್ದಾವ. ಅಂಥಾ ಮನಿಗಿ ಹನ್ನೊಂದು ಸಾವಿರ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗಿ ತರ್ತಾನಂತ ಇವ.

ಜಗಳ ಪೆಟ್ಟಿಗಿಗೇ ನಿಲ್ಲಲಿಲ್ಲ. ಪೆಟ್ಟಿಗಿ ಒಳಗ ಇಡ್ಲಾಕ "ಸೆಟ್" ಬೇಕಲ್ಲ. ಡ್ರಿಲ್ಲು, ಸ್ಕ್ರೂ ಬಡಿಯೋ ಇಂಪ್ಯಾಕ್ಟ್ ಡ್ರೈವರ್ರು, ಸರ್ಕ್ಯುಲರ್ ಸಾ, ಜಿಗ್‌ಸಾ, ಗ್ರೈಂಡರ್, ಎಲ್ಲಾ ವೈರ್ ಇಲ್ದವು, ಬ್ಯಾಟರಿ ಮ್ಯಾಲ ಓಡೋವು, ಐದು ಮಷೀನಿಗಿ ಎರಡು ಬ್ಯಾಟರಿ. ರೊಕ್ಕ 38,000. ಕೈಯಾಗ ಇಲ್ಲಂದ್ರ ಕಂತು, ತಿಂಗಳಿಗಿ 3,600ದಂಗ ಹನ್ನೆರಡು ತಿಂಗಳು. ಹನ್ನೆರಡಲೇ ಗುಣಿಸಿದ್ರ 43,200. ಮ್ಯಾಲ ಪೆಟ್ಟಿಗಿದು 11,000. ಎಲ್ಲಾ ಕೂಡಿ 54,200. ಕಲಬುರಗಿ ಹಾಸ್ಟೆಲಿನಾಗ ಪಿಯುಸಿ ಓದೋ ಮಗಳ ಫೀಸು ಜೂನಿನಾಗ ಕಟ್ಟಬೇಕು. ಎರಡೂ ಲೆಕ್ಕ ಒಂದೇ ವಹಿಯಾಗ ಬರೀಬೇಕು, ಬರಿಯಾಕಿ ನಾ.

ನಾವು ಶಹಾಪುರದಾಗ ಇರೋರು. ನಮ್ಮ ಮನಿಯವ್ರು ಬಡಿಗಿ ಕೆಲಸದವ್ರು. ಶಹಾಪುರ, ಸುರಪುರ, ಯಾದಗಿರಿ, ಸುತ್ತಲ ಹಳ್ಳಿ, ಎಲ್ಲಿ ಕರದ್ರೂ ಹೋಗ್ತಾರ. ಬಾಗಿಲು-ಚೌಕಟ್ಟು, ಅಡಗಿ ಮನಿ ಕಪಾಟು, ವಾರ್ಡ್‌ರೋಬ್, ದೇವ್ರ ಮಂಟಪ. ಕೆಲಸ ಅವರದು, ಲೆಕ್ಕ ನಂದು. ಇಪ್ಪತ್ತು ವರ್ಷದಲಿಂದ ಉಳಿಯಿಂದ ಹಿಡ್ದು ಮೊಳಿ ತನಕ ಯಾವ್ದು ಎಷ್ಟಕ್ಕ ಬಂತು, ಎಷ್ಟು ದಿನ ಬಾಳಿಕಿ ಬಂತು, ನನ್ನ ವಹಿಯಾಗ ಅದ. ಅದಕ್ಕ, "ನಿಂಗೇನು ತಿಳಿತದ ಮಷೀನಿಂದು" ಅಂತ ಯಾರರ ಅಂದ್ರ ನಾ ವಹಿ ತಗದು ತೋರಿಸ್ತೀನಿ. ಇದನ್ನ ಬರಿಯೋದು ಮಗನ ಮ್ಯಾಲಿನ ಸಿಟ್ಟಿಗಲ್ಲ. ಇಂಥಾ ಸೆಟ್ಟು ಇಂಥಾ ಪೆಟ್ಟಿಗಿ ಈಗ ಮನಿ ಮನ್ಯಾಗ ಜಗಳ ಹಚ್ಯಾವ, ಅದಕ್ಕ.

ಮೊದಲು ನನ್ನ ತಪ್ಪು ನಾ ಒಪ್ಕೋತೀನಿ. ನಾಕು ವರ್ಷದ ಹಿಂದ ನಮ್ಮ ಮನಿಯವ್ರು ಒಂದು ಸಣ್ಣ 12 ವೋಲ್ಟಿನ ಬ್ಯಾಟರಿ ಡ್ರಿಲ್ ಕೇಳಿದ್ರು. ನಾ ಬ್ಯಾಡ ಅಂದೆ. ನನಕಿಂತ ಜೋರು ನಮ್ಮ ಮಾವ. ಅವರು ಸುರಪುರ ಕಡೀ ಹಳ್ಳ್ಯಾಗ ಆಯಗಾರ ಬಡಿಗ್ಯಾರು, ಕೂರಿಗಿ, ಕುಂಟಿ, ಬಂಡಿ ಗಾಲಿ ಮಾಡಿ ಸುಗ್ಗಿಯಾಗ ಜ್ವಾಳ ಅಳಿಸ್ಕೊಂಡು ಬಂದವ್ರು. ಖಂಡೇನವಮಿ ದಿನ ಬಾಚಿ, ಉಳಿ, ಗರಗಸ ತೊಳದು, ಕುಂಕುಮ ಹಚ್ಚಿ, ಕೃಷ್ಣಾ ದಂಡಿ ಮ್ಯಾಲಿನ ತಿಂಥಣಿ ಮೋನಪ್ಪಯ್ಯನ ನೆನಿಸಿ ಕಾಯಿ ಒಡಿತಿದ್ರು. "ಕೈಯಾಗ ದಮ್ಮಿಲ್ದವ್ರು ಕರೆಂಟ್ ಕೇಳ್ತಾರ" ಅನ್ನೋದು ಅವರ ಮಾತು. ನಂಗ ರೊಕ್ಕ ಉಳಿತು ಅನಿಸ್ತು, ಅವರಿಗಿ ಮಾನ ಉಳಿತು ಅನಿಸ್ತು.

ಆದದ್ದೇನು? ಆಗಿನ ಕೆಲಸಕ್ಕೂ ಈಗಿನ ಕೆಲಸಕ್ಕೂ ಫರಕ್ ಅದ. ಮಾವನ ಕೂರಿಗಿಗಿ ಸ್ಕ್ರೂ ಇರಲಿಲ್ಲ, ಗೂಟ-ಬೆಣಿ ಇತ್ತು. ಈಗ ಒಂದು ದೊಡ್ಡ ವಾರ್ಡ್‌ರೋಬಿಗಿ ಮುನ್ನೂರರ ಮ್ಯಾಲ ಸ್ಕ್ರೂ ಹೋಗ್ತಾವ. ವರ್ಷಾನುಗಟ್ಟಲೆ ಕೈಲೇ ತಿರುವಿ ತಿರುವಿ ಇವರ ಮಣಿಕಟ್ಟು ಬಾತು, ಚಹಾದ ಕಪ್ಪು ಎತ್ಲಾಕ ಬರ್ದಂಗ ಆಯ್ತು. ಡಾಕ್ಟರ್ ಹದಿನೈದು ದಿನ ಕೈ ಎತ್ತಬ್ಯಾಡ್ರಿ ಅಂದ್ರು. ದಿನಕ್ಕ 900ರಂಗ ಹದಿನೈದು ದಿನ, 13,500 ಹೋಯ್ತು. ಆ ಡ್ರಿಲ್ಲಿನ ರೇಟು ಅದರ ಅರ್ಧನೂ ಇರಲಿಲ್ಲ. ವಹಿಯಾಗ ನನ್ನ ಅಕ್ಷರದಾಗೇ ಬರ್ದೀನಿ, ಅಳಸಿಲ್ಲ. ಅದಕ್ಕ, ಬ್ಯಾಟರಿ ಮಷೀನ್ ಬ್ಯಾಡೇ ಬ್ಯಾಡ ಅನ್ನೋ ಹಿರಿಯರ ಜೋಡಿ ನಾ ನಿಲ್ಲಲ್ಲ. ಕೈ ಸವಸೋದು ಉಳಿತಾಯ ಅಲ್ಲ.

ಹಂಗಂತ ಮಗನ ಸೆಟ್ಟಿಗಿ ಹೂಂ ಅನ್ನಲ್ಲ. ಯಾಕಂದ್ರ ಅಂಗಡ್ಯಾಗ ನಿಂತು ನಾವು ಮಷೀನ್ ಕೊಂಡೀವಿ ಅಂತ ತಿಳ್ಕೋತೀವಿ. ಖರೇ ನಾವು ಮಾಡಿದ್ದು ಬೀಗತನ. ಬಾಷ್‌ನ ಬ್ಯಾಟರಿ ಮಕಿಟಾಕ್ಕ ಕೂಡಲ್ಲ, ಮಕಿಟಾದ್ದು ಡಿವಾಲ್ಟ್‌ಗೆ ಕೂಡಲ್ಲ. ಒಂದೇ ಕಂಪನಿದು ಇದ್ರೂ 12ರದು 18ರದಕ್ಕ ಕೂಡಲ್ಲ. ಮೊದಲನೇ ಬ್ಯಾಟರಿ ಯಾವ ಮನಿತನದ್ದು ತಂದ್ರಿ, ಮುಂದಿನ ಹತ್ತು ವರ್ಷ ಅದೇ ಮನಿತನಕ್ಕ ಹೋಗಿ ಕೈ ಚಾಚಬೇಕು. ಜರ್ಮನಿಯ ಮೆಟಾಬೊ ಕಂಪನಿ 2018ರಾಗ ಬ್ಯಾರೆ ಕಂಪನಿಯವರನ್ನ ಕೂಡ್ಸಿಕೊಂಡು ಎಲ್ಲಾರಿಗೂ ಒಂದೇ ಬ್ಯಾಟರಿ ಕೂಡೋಂಗ ಒಕ್ಕೂಟ ಮಾಡ್ತು. ನಮ್ಮ ಊರ ಅಂಗಡ್ಯಾಗ ಆ ಹೆಸರು ಕೇಳಿದ್ರ ಮುಖ ನೋಡಿದ್ರು. ಅದಕ್ಕ ನಮಗ ಇರೋ ದಾರಿ ಒಂದೇ: ಬೀಗರನ್ನ ನೋಡಿ ಸಂಬಂಧ ಮಾಡೋದು.

ಇನ್ನ ವೋಲ್ಟಿನ ಆಟ ಕೇಳ್ರಿ. ಒಂದು ಡಬ್ಬಿ ಮ್ಯಾಲ 18 ಅಂತ ಇರ್ತದ, ಇನ್ನೊಂದರ ಮ್ಯಾಲ 20 ಮ್ಯಾಕ್ಸ್, ಮತ್ತೊಂದರ ಮ್ಯಾಲ 21. ಮಗ ಅಂದ, "21 ದೊಡ್ದಲ್ಲವ್ವಾ". ಅಲ್ಲ. ಮೂರರಾಗೂ ಒಳಗ ಇರೋದು ಸಾಲಾಗಿ ಐದು ಲಿಥಿಯಂ ಸೆಲ್ಲು. ಒಂದು ಸೆಲ್ಲಿಂದು ಓಡೋವಾಗಿನ ಸರಾಸರಿ 3.6 ಅಂತ ಹಿಡದ್ರ ಐದಕ್ಕ 18. ಈಗಷ್ಟ ಚಾರ್ಜಿಂದ ತಗದಾಗ 4 ಅಂತ ಹಿಡದ್ರ 20. ತುದಿ ಮುಟ್ಟ 4.2 ಅಂತ ಹಿಡದ್ರ 21. ಒಂದೇ ಸೇರು ಜ್ವಾಳನ ಕುಕ್ಕಿ ಅಳದ್ರ ಒಂದು, ತಲಿ ತುಂಬಿ ಅಳದ್ರ ಒಂದು, ಅಷ್ಟ. 12 ಅನ್ನೋದ್ರಾಗ ಮೂರು ಸೆಲ್ಲು, ಅದರ ಸರಾಸರಿ 10.8. ಇನ್ನ ಹೆಸರಿಲ್ಲದ ಕೆಲವು ಸೆಟ್ಟಿನ ಮ್ಯಾಲ 48, 88 ಅಂತ ದೊಡ್ಡ ದೊಡ್ಡ ಅಂಕಿ ಹಾಕಿರ್ತಾರ. ಒಳಗ ಸಾಲಾಗಿ ಐದೇ ಸೆಲ್ಲಿದ್ರ 21ರ ಮ್ಯಾಲ ಅದು ಹೋಗ್ಲಾಕ ಸಾಧ್ಯಾನೇ ಇಲ್ಲ. ಅಂಕಿ ಬರಿಯೋ ಬಣ್ಣಕ್ಕ ವೋಲ್ಟ್ ಇರಲ್ಲ.

ನೋಡಬೇಕಾದದ್ದು ವೋಲ್ಟ್ ಒಂದೇ ಅಲ್ಲ, ಅದರ ಬಾಜೂಕಿನ ಆಂಪಿಯರ್-ಅವರ್. ಎರಡೂ ಗುಣಿಸ್ರಿ. 18 ವೋಲ್ಟ್, 2 ಆಂಪಿಯರ್-ಅವರ್ ಅಂದ್ರ 36 ವ್ಯಾಟ್-ಅವರ್. 4ರದು ಅಂದ್ರ 72. ಇದೇ ಆ ಬ್ಯಾಟರಿ ಹೊಟ್ಟಿ. ಈಗ ಲೆಕ್ಕ ಮಾಡ್ರಿ. ಪ್ಲಗ್ಗಿಗಿ ಹಾಕೋ ಸರ್ಕ್ಯುಲರ್ ಸಾ 1,200 ವ್ಯಾಟಿಂದು ಅನ್ರಿ. ಅಷ್ಟು ದಮ್ಮು ಬ್ಯಾಟರಿಲಿಂದ ಬಿಡದೆ ಎಳದ್ರ 72ರ ಹೊಟ್ಟಿ ಮೂರೂವರಿ ನಿಮಿಷದಾಗ ಖಾಲಿ. ಬ್ಯಾಟರಿ ಸಾ ಅಷ್ಟು ಎಳಿಯಲ್ಲ, ನಡುನಡುವ ನಿಲ್ಲಿಸ್ತೀವಿ, ಅದಕ್ಕ ಇನ್ನೊಂದಿಷ್ಟು ಬರ್ತದ, ಖರೇ. ಆದ್ರ 18 ಎಂಎಂ ಪ್ಲೈ ಹಲಿಗಿ ಒಂದಾದ ಮ್ಯಾಲೊಂದು ಸೀಳೋ ದಿನ ಎರಡು ಬ್ಯಾಟರಿ ಸಾಲಲ್ಲ. ಆವಾಗ ಮತ್ತ ಬ್ಯಾಟರಿ ತಗೋ. ಸೆಟ್ಟಿನಾಗ ಕೊಡೋದು ಬಹಳ ಮಾಡಿ 2ರ ಬ್ಯಾಟರಿ. ದೊಡ್ಡದು ಬ್ಯಾರೆ ರೊಕ್ಕ. ಸೆಟ್ ಅಗ್ಗ ಕಾಣೋದು ಇದಕ್ಕೇ ನೋಡ್ರಿ.

ಅದಕ್ಕ ನನ್ನ ಹಂಚಿಕಿ ಹಿಂಗದ. ಸಣ್ಣ ಸಣ್ಣ ಗುಟುಕು ಕುಡಿಯೋ ಕೆಲಸ ಬ್ಯಾಟರಿಗಿ: ತೂತು ಹಾಕೋದು, ಸ್ಕ್ರೂ ಬಡಿಯೋದು, ಕಬ್ಜಾ ಕೂಡ್ಸೋದು, ಅಟ್ಟದ ಮ್ಯಾಲ ಏಣಿ ಹತ್ತಿ ಮಾಡೋದು, ಇನ್ನೂ ಮೀಟರ್ ಕೂಡದ ಹೊಸಾ ಮನ್ಯಾಗಿನ ಕೆಲಸ. ಗಟಗಟ ಕುಡಿಯೋ ಕೆಲಸ ವೈರಿಗಿ: ಹಲಿಗಿ ಸೀಳೋದು, ರಂದಾ ಮಷೀನು, ರೌಟರ್ರು, ಭಾಳ ಹೊತ್ತು ಉಜ್ಜೋ ಗ್ರೈಂಡರ್ರು. ವೈರಿನ ಮಷೀನಿಗಿ ರೊಕ್ಕ ಕಡಿಮಿ, ದಮ್ಮು ಹೆಚ್ಚು, ಮುಪ್ಪು ತಡ. ಕೊನಿಗಿ ಬಾಗಿಲು ಚೌಕಟ್ಟಿಗಿ ಕೂಡ್ಸೋವಾಗ ಮಾವನ ಉಳಿ, ಕೊಡತಿ, ಕೈ ರಂದಾನೇ ಬೇಕು. ಅದಕ್ಕ ಚಾರ್ಜೂ ಬ್ಯಾಡ, ಕಂತೂ ಬ್ಯಾಡ.

ವೈರ್ ಇಲ್ಲದ ಡ್ರಿಲ್ಲು ನಿನ್ನಿ ಮೊನ್ನಿದಲ್ಲ. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ 1961ರಾಗೇ ತಂದಿತ್ತು. ಆಗಿನ ನಿಕ್ಕೆಲ್-ಕ್ಯಾಡ್ಮಿಯಂ ಬ್ಯಾಟರಿ ಭಾರ, ದಮ್ ಕಡಿಮಿ. ಲಿಥಿಯಂ ಬಂದ ಮ್ಯಾಲ, ಅಂದ್ರ 2000 ಆದಮ್ಯಾಲ, ಹಗುರ ಆಗಿ ಜೋರು ಬಂತು. ಆಮ್ಯಾಲ ಬಂದದ್ದು ಬ್ರಶ್‌ಲೆಸ್ ಮೋಟರು. ಅದರಾಗ ಕಾರ್ಬನ್ ಇಲ್ಲ, ಸವಿಯೋದಿಲ್ಲ, ಅದೇ ಬ್ಯಾಟರಿ ಮ್ಯಾಲ ಹೆಚ್ಚು ಹೊತ್ತು ಓಡ್ತದ. ಛಲೋನೇ. ಆದ್ರ ಅದರೊಳಗ ಒಂದು ಎಲೆಕ್ಟ್ರಾನಿಕ್ ಬೋರ್ಡ್ ಇರ್ತದ. ಕಾರ್ಬನ್ ಮೋಟರ್ ನಿಂತ್ರ ನಮ್ಮ ಶಹಾಪುರದ ಮೆಕ್ಯಾನಿಕ್ ಚಹಾ ಕುಡಿಯೋದ್ರಾಗ ಹೊಸಾ ಕಾರ್ಬನ್ ಹಾಕಿ ಕೊಡ್ತಾನ. ಬೋರ್ಡ್ ಸುಟ್ರ ಅವ ಕೈ ಮುಗಿತಾನ. ಅದಕ್ಕ ದಿನಾ ಓಡೋ ಡ್ರಿಲ್ಲು ಬ್ರಶ್‌ಲೆಸ್ ಇರ್ಲಿ, ವಾರಂಟಿ ಬಿಲ್ಲು ಜ್ವಾಪಾನ ಇರ್ಲಿ. ತಿಂಗಳಿಗಿ ಎರಡು ಸಲ ತಗಿಯೋ ಮಷೀನು ಕಾರ್ಬನ್ನಿಂದೇ ಸಾಕು.

ಅಂಗಡಿಯವಗ ನಾ ಮೂರೇ ಪ್ರಶ್ನಿ ಕೇಳ್ತೀನಿ, ನೀವೂ ಕೇಳ್ರಿ. ಒಂದು, ಈ ಬ್ಯಾಟರಿ ಒಂದೇ ಬಿಡಿಯಾಗಿ ಈಗ ನಿನ್ನ ಕಪಾಟಿನಾಗ ಅದ ಏನು, ಅದರ ರೇಟೇನು? ಎರಡು, ಕೆಟ್ರ ಎಲ್ಲಿಗಿ ಒಯ್ಯಬೇಕು? "ಇಲ್ಲೇ" ಅಂದ್ರ ಒಂದು ತಾಸು, "ಯಾದಗಿರಿ" ಅಂದ್ರ ಅರ್ಧ ದಿನ, "ಕಲಬುರಗಿ" ಅಂದ್ರ ಒಂದು ದಿನದ ಪಗಾರ, "ಹೈದರಾಬಾದಿಗಿ ಕಳಿಸ್ತೀವಿ" ಅಂದ್ರ ಒಂದು ವಾರದ್ದು ಹೋಯ್ತು ಅಂತ ತಿಳ್ಕೋರಿ. ಮೂರು, ಇದೇ ಬ್ಯಾಟರಿಗಿ ಕೂಡೋ ಮಷೀನು ಬ್ಯಾಟರಿ ಇಲ್ದಂಗ ಬರೇ ಮಷೀನಿನ ರೇಟಿಗಿ ಸಿಗ್ತದೇನು? ಮನ್ಯಾಗ ಎರಡು ಬ್ಯಾಟರಿ, ಒಂದು ಚಾರ್ಜರ್ ಆದಮ್ಯಾಲ ಮತ್ತ ಮತ್ತ ಅದಕ್ಕೇ ರೊಕ್ಕ ಕೊಡೋದ್ಯಾಕ? ಮೊದಲು ಒಂದು ಡ್ರಿಲ್ಲು ಬ್ಯಾಟರಿ ಸುದ್ದಾ, ಮುಂದ ಕೆಲಸ ಬಂದಂಗ ಒಂದೊಂದು ಬರೇ ಮಷೀನು. ಇದರಾಗ ಸೆಟ್ಟಿನ ಮಜಾ ಇಲ್ಲ, ಖರೇ. ಆದ್ರ ಕೆಲಸಕ್ಕ ಬಾರದ ಜಿಗ್‌ಸಾ ಮೂಲ್ಯಾಗ ಧೂಳ ತಿನ್ನೋದೂ ಇಲ್ಲ.

ನಮ್ಮ ಕಡೀ ಬಿಸಿಲು ಬ್ಯಾರೆ ಲೆಕ್ಕ ಕೇಳ್ತದ. ಬ್ಯಾಟರಿ ಜೋಡಿ ಬರೋ ಪುಸ್ತಕ ಯಾರೂ ಓದಲ್ಲ, ನಾ ಓದೀನಿ. ಬಹಳಷ್ಟರಾಗ 40ರಿಂದ 45 ಡಿಗ್ರಿ ಮ್ಯಾಲ ಚಾರ್ಜ್ ಮಾಡಬ್ಯಾಡ್ರಿ ಅಂತ ಬರ್ದಿರ್ತದ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಿನಾಗ ನೆರಳಿನಾಗೇ 40 ದಾಟ್ತದ, ತಗಡಿನ ಶೆಡ್ಡಿನಾಗ, ಬೈಕಿನ ಡಿಕ್ಕಿಯಾಗ ಕೇಳೋದೇ ಬ್ಯಾಡ. ಮಧ್ಯಾಹ್ನ ಬಿಸಿ ಬ್ಯಾಟರಿ ತಗದು ಹಂಗೇ ಚಾರ್ಜರಿಗಿ ಚುಚ್ಚಿದ್ರ ಒಳಗಿನ ಸೆಲ್ಲು ಮುಪ್ಪಾಗ್ತಾವ. ನಮ್ಮ ಮೊದಲನೇ 12ರ ಬ್ಯಾಟರಿ ಹಂಗೇ ಎರಡು ಬ್ಯಾಸಿಗ್ಯಾಗ ಅರ್ಧಕ್ಕ ಬಂತು. ಕುಂಬಾರಗ ವರ್ಷ, ದೊಣ್ಣಿಗಿ ನಿಮಿಷ. ಈಗ ನಮ್ಮ ಮನ್ಯಾಗ ಚಾರ್ಜ್ ಹಾಕೋದು ಮುಂಜಾನಿ ಐದಕ್ಕ, ನಾ ಒಲಿ ಹಚ್ಚೋ ಹೊತ್ತಿಗಿ. ಚಾರ್ಜರ್ ಇರೋದು ಅಡಗಿ ಮನ್ಯಾಗ ಅಲ್ಲ, ನಡುಮನಿ ಕಲ್ಲು ನೆಲದ ಮ್ಯಾಲ, ಸುತ್ತ ಅರಿವಿ ಹಾಸಿಗಿ ಇಲ್ದಲ್ಲಿ. ತಿಂಗಳುಗಟ್ಟಲೆ ಕೆಲಸ ಇರದಾಗ ಅರ್ಧ ಚಾರ್ಜಿನಾಗ ಎತ್ತಿ ತಂಪಿನಾಗ ಇಡ್ತೀನಿ.

ಈಗ ಒಂದು ಸಿಟ್ಟಿನ ಮಾತು. ಹನ್ನೊಂದು ಸಾವಿರದ ಪೆಟ್ಟಿಗಿ ಕನಸು ಕಾಣೋ ಇದೇ ಮನ್ಯಾಗ ಪ್ಲೈ ಕೊಯ್ಲಾಕ ಇಷ್ಟು ದಿನ ಇದ್ದದ್ದೇನು? ಮಾರ್ಬಲ್ ಕಟರ್. ಕಲ್ಲು, ಫರಸಿ ಕೊಯ್ಯೋ ನಾಕಿಂಚಿನ ಮಷೀನಿಗಿ ಕಟ್ಟಿಗಿ ಹಲ್ಲಿನ ಬ್ಲೇಡ್ ಹಾಕಿ, ಅಡ್ಡ ಬರ್ತದಂತ ಗಾರ್ಡ್ ಬಿಚ್ಚಿ ಒಗದು ಕೊಯ್ಯೋದು. ನಮ್ಮಲ್ಲಿ ಒಬ್ಬರಲ್ಲ, ಕಂಡ ಕಂಡವರೆಲ್ಲಾ ಹಂಗೇ ಮಾಡ್ತಾರ. ಅದು ನಿಮಿಷಕ್ಕ 12,000 ಸುತ್ತಿನ ಆಸುಪಾಸು ತಿರುಗ್ತದ. ಕಟ್ಟಿಗಿ ಸಲುವಾಗೇ ಮಾಡಿದ ಸರ್ಕ್ಯುಲರ್ ಸಾ 5,000ದ ಆಸುಪಾಸು, ಕೈ ಬಿಟ್ರ ಗಾರ್ಡ್ ತಾನೇ ಬಂದು ಹಲ್ಲು ಮುಚ್ತದ. ಹೋದ ಶ್ರಾವಣದಾಗ ಕಟರ್ ಒಂದು ಗಂಟಿಗಿ ಬಡದು ಹಿಂದಕ್ಕ ಜಿಗದು ನಮ್ಮ ಮನಿಯವ್ರ ಎಡಗೈ ನಡುಬೆರಳಿನ ತುದಿ ಒಯ್ತು. ಮಗ ಅಲ್ಲೇ ಇದ್ದ. ಬೆರಳಿಗಿ ಟವಲ್ ಸುತ್ತಿ ದವಾಖಾನಿಗಿ ಓಡಿಸ್ಕೊಂಡು ಹೋದವ ಅವನೇ.

ಅದಕ್ಕ ನಾ ಕೇಳಿದ್ದು: ರೊಕ್ಕ ಇದ್ರ ಮೊದಲು ಯಾವ್ದು? ಗಾರ್ಡ್ ಇರೋ ಸಾ. ಕಣ್ಣಿಗಿ ಚಸ್ಮಾ. ಧೂಳಿಗಿ ಛಲೋ ಮಾಸ್ಕು, ಯಾಕಂದ್ರ ಪ್ಲೈ, ಎಂಡಿಎಫ್ ಧೂಳು ಪುಪ್ಪುಸಕ್ಕ ಇಳಿತದ. ಇವು ಯಾವ ಸೆಟ್ಟಿನಾಗೂ ಬರಲ್ಲ, ಯಾವ ರೀಲ್ಸಿನಾಗೂ ಚಂದ ಕಾಣಲ್ಲ. ಇವನ್ನ ಬಿಟ್ಟು ಪೆಟ್ಟಿಗಿ ತಂದ್ರ ಆ ಪೆಟ್ಟಿಗ್ಯಾಗ ಬೆರಳು ಜ್ವಾಪಾನ ಇಡ್ತೀಯೇನಪ್ಪಾ ಅಂದೆ. ಆವಾಗ ಅವ ತಲಿ ತಗ್ಗಿಸ್ದ. ಅನ್ನಬಾರದಿತ್ತು, ಅಂದುಬಿಟ್ಟೆ.

ಪೆಟ್ಟಿಗಿ ವಿಚಾರಕ್ಕ ಬರ್ತೀನಿ. ಒಂದರ ಮ್ಯಾಲೊಂದು ಕೂಡೋ ಪೆಟ್ಟಿಗಿ ಕೆಟ್ಟದ್ದಂತ ನಾ ಅನ್ನಲ್ಲ. ವಿಚಾರ ಭಾಳ ಛಲೋ ಅದ. ಜರ್ಮನಿಯಾಗ 1993ರಾಗ ಸಿಸ್ಟೇನರ್ ಅಂತ ಬಂತು. ಎಲ್ಲಾ ಪೆಟ್ಟಿಗಿ ಉದ್ದ-ಅಗಲ ಒಂದೇ, ಎತ್ತರ ಅಷ್ಟ ಬ್ಯಾರೆ, ಹಂಗಾಗಿ ಯಾವ್ದರ ಮ್ಯಾಲ ಯಾವ್ದರ ಕೂಡ್ತದ. ಆಮ್ಯಾಲ ಎಲ್ಲಾ ಕಂಪನಿಯವ್ರು ತಮ್ಮ ತಮ್ಮದು ಮಾಡಿದ್ರು, ಬಾಷ್‌ದು ಎಲ್-ಬಾಕ್ಸ್, ಡಿವಾಲ್ಟ್‌ದು ಟಿಸ್ಟ್ಯಾಕ್, ಮಿಲ್ವಾಕಿದು ಪ್ಯಾಕ್‌ಔಟ್. ಇಲ್ಲೂ ಅದೇ ಬೀಗತನ, ಒಬ್ಬರದು ಇನ್ನೊಬ್ಬರ ಮ್ಯಾಲ ಕೂಡೋದು ಕಡಿಮಿ. ಆ ದೇಶದ ಬಡಿಗ್ಯಾನ ಹತ್ರ ವ್ಯಾನ್ ಅದ, ವ್ಯಾನಿನಾಗ ಕಪಾಟದ, ಇಳಿಸಿದ್ರ ಸಪಾಟ ಡಾಂಬರ್ ಅದ. ಗಾಲಿ ಅಲ್ಲಿ ಓಡ್ತಾವ. ನಮ್ಮವ್ರು ಹೋಗೋದು ಬೈಕಿನ ಮ್ಯಾಲ, ಇಲ್ಲಾ ಟಂಟಂನಾಗ, ಇಲ್ಲಾ ಬಸ್ಸಿನಾಗ. ಇಳಿದ್ರ ಉಸುಕು, ಖಡಿ, ಅರ್ಧ ಕಟ್ಟಿದ ಪಾವಟಿಗಿ. ಅಲ್ಲಿ ಗಾಲಿ ಅಲಂಕಾರ ಅಷ್ಟ. ಹೊತ್ತೇ ಒಯ್ಯಬೇಕು. ಗಾಲಿ ಪೆಟ್ಟಿಗಿ ಖಾಲಿ ಇದ್ದಾಗೇ ಹೆಣಭಾರ.

ಅದರ ವಿಚಾರ ತಗೋರಿ, ಪ್ಲಾಸ್ಟಿಕ್ ಬಿಡ್ರಿ. 9 ಎಂಎಂ ಪ್ಲೈ ತುಂಡಿನಾಗ 16 ಇಂಚು ಉದ್ದ, 12 ಇಂಚು ಅಗಲ, ಮೂರು ಪೆಟ್ಟಿಗಿ. ಎತ್ತರ ಒಂದು 4 ಇಂಚು, ಒಂದು 6, ಒಂದು 9. ಪ್ರತಿಯೊಂದರ ತಳಕ್ಕ ಸಣ್ಣ ಪಟ್ಟಿ ಬಡಿರಿ, ಮ್ಯಾಲಿನ ಮುಚ್ಚಳದ ಮ್ಯಾಲ ಸುತ್ತ ಒಂದು ಅಂಚು ಎಬ್ಬಿಸ್ರಿ, ತಳದ ಪಟ್ಟಿ ಕೆಳಗಿನದರ ಅಂಚಿನೊಳಗ ಕೂಡ್ತದ, ಬೈಕ್ ಕುಲುಕಿದ್ರೂ ಜಾರಲ್ಲ. ಬಾಜೂಕ ಎರಡು ಕೊಂಡಿ, ಒಂದು ಬೀಗ. 6 ಇಂಚಿನ ಪೆಟ್ಟಿಗಿ ಖಾಲಿ ಇದ್ದಾಗ ಸುಮಾರು ಎರಡೂವರಿ ಕೆಜಿ. ಮ್ಯಾಲಿನದರಾಗ ಟೇಪು, ಪೆನ್ಸಿಲ್ಲು, ಗುಣ್ಯಾ, ಬಿಟ್ಟು, ಸ್ಕ್ರೂ, ಒಂದೊಂದು ಅಳತಿಗಿ ಒಂದೊಂದು ಖಾನಿ. ನಡುವಿನದರಾಗ ಡ್ರಿಲ್ಲು, ಬ್ಯಾಟರಿ, ಚಾರ್ಜರ್. ಕೆಳಗಿನದರಾಗ ಸಾ, ವೈರ್. ಉಳಿ ಬಾಯಿಗಿ ಚರ್ಮದ ಮುಸುಕು. ಖಾನಿ ಖಾಲಿ ಕಂಡ್ರ ಸಾಮಾನು ಗಿರಾಕಿ ಮನ್ಯಾಗ ಮರ್ತೀವಿ ಅಂತ ಅಲ್ಲೇ ಗೊತ್ತಾಗ್ತದ. ಖರೇ ಉಳಿತಾಯ ಇದು. ವರ್ಷಕ್ಕ ಎಷ್ಟು ಬಿಟ್ಟು, ಎಷ್ಟು ಟೇಪು ನಾವು ಮರ್ತು ಬಂದೀವಿ ಅನ್ನೋದು ವಹಿ ನೋಡಿದ್ರ ಹೊಟ್ಟಿ ಉರಿತದ.

ಮಗ ಅಂದ, "ಮಳ್ಯಾಗ ನೆಂದ್ರ?" ಅವನ ಮಾತು ಖರೇ. ಪ್ಲಾಸ್ಟಿಕ್ಕಿಗಿ ನೀರು ಹೊಕ್ಕಲ್ಲ, ಪ್ಲೈ ಉಬ್ತದ. ಅದಕ್ಕ ಅಂಚಿಗಿ ಎರಡು ಕೈ ವಾರ್ನಿಷ್, ಮ್ಯಾಲ ಒಂದು ಮೇಣಗಪ್ಪಡ. ಆಮ್ಯಾಲ ಅಂದ, "ಗಿರಾಕಿ ನೋಡ್ತಾರವ್ವಾ, ಕೆಂಪು ಪೆಟ್ಟಿಗಿ ಇಳಿಸಿದ್ರ ರೇಟ್ ಹೆಚ್ಚು ಕೇಳ್ಲಾಕ ಬರ್ತದ." ಇದಕ್ಕ ನನ್ನ ಜವಾಬು ಒಂದೇ. ಕಪಾಟು ಮಾಡ್ಸಾಕ ಕರದ ಮನ್ಯಾಗ, ಬ್ಯಾರೆಯವ್ರು ಮಾಡಿದ ಪೆಟ್ಟಿಗಿ ಇಳಸ್ತೀಯೋ, ನೀ ಮಾಡಿದ ಪೆಟ್ಟಿಗಿ ಇಳಸ್ತೀಯೋ? ಮೂಲಿ ಕೂಡಿದ್ದು, ಮುಚ್ಚಳ ಕೂತದ್ದು, ಖಾನಿ ಅಳತಿ, ಇವನ್ನ ನೋಡಿದ ಗಿರಾಕಿಗಿ ನಿನ್ನ ಕೈ ಏನಂತ ಗೊತ್ತಾಗ್ತದ. ಪ್ಲಾಸ್ಟಿಕ್ ಪೆಟ್ಟಿಗಿ ನೋಡಿದವಗ ನಿನ್ನ ಕಂತು ಎಷ್ಟದ ಅಂತ ಅಷ್ಟ ಗೊತ್ತಾಗ್ತದ.

ಕಂತು ಅಂದ ಮ್ಯಾಲ ಇದನ್ನೂ ಹೇಳ್ತೀನಿ. ರೊಕ್ಕ ಬೇಕೇ ಬೇಕಂದ್ರ ಅಂಗಡಿ ಕಂತಿಗಿ ಮೊದಲು ಬ್ಯಾರೆ ದಾರಿ ನೋಡ್ರಿ. 2023ರ ಸೆಪ್ಟೆಂಬರ್ 17ಕ್ಕ ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ತಂದದ. 18 ಕಸುಬು ಅದರಾಗ ಅವ, ಬಡಿಗಿ ಒಂದು. ತರಬೇತಿಯಾಗ ದಿನಕ್ಕ 500 ಭತ್ಯೆ, ಹತ್ಯಾರಕ್ಕ 15,000ದ ತನಕ ವೋಚರ್, ಮೊದಲ ಸಲ 1 ಲಕ್ಷದ ತನಕ ಸಾಲ, ತಿರುಗಿ ಕಟ್ಲಾಕ 18 ತಿಂಗಳು, ಅದು ಮುಗದ್ರ ಎರಡನೇ ಸಲ 2 ಲಕ್ಷದ ತನಕ. ಬಡ್ಡಿ ನೂರಕ್ಕ 5. ಈಗ ನಮ್ಮ ಅಂಗಡಿ ಕಂತು ನೋಡ್ರಿ: 38,000ಕ್ಕ ವರ್ಷದಾಗ 5,200 ಹೆಚ್ಚು ಹೋಗ್ತದ. ಅದೂ ತಿಂಗಳಾ ಅಸಲು ಇಳಕೋತ ಬರೋವಾಗ. ಆದ್ರ ಒಂದು ಮಾತು, ಈ ಯೋಜನ್ಯಾಗ ಒಂದು ಮನಿಗಿ ಒಬ್ಬರೇ. ಅಪ್ಪ ಹೆಸರು ಹಚ್ಚಿದ್ರ ಮಗ ಹಚ್ಚಾಕ ಬರಲ್ಲ. ಹಿಂದಿನ ಐದು ವರ್ಷದಾಗ ಮುದ್ರಾದಂಥಾ ಸರ್ಕಾರದ ಕಸುಬಿನ ಸಾಲ ತಗೊಂಡಿದ್ರ ಅದನ್ನೂ ಕೇಳ್ತಾರ. ಅದಕ್ಕ ಯಾರ ಹೆಸರು ಅನ್ನೋದು ಮನಿ ಮಂದಿ ಎಲ್ಲಾ ಕುಂತು ಮಾತಾಡೋ ವಿಚಾರ. ಫೋನಿನಾಗ ಒಬ್ಬನೇ ಒತ್ತೋ ಗುಂಡಿ ಅಲ್ಲ.

ಕೊನಿಗಿ ಮಗನ ಕಡೀ ಒಂದು ಮಾತು ಹೇಳಲಿಲ್ಲಂದ್ರ ನಾ ಸುಳ್ಳಿ ಆಗ್ತೀನಿ. ಅವ ಬೆಂಗಳೂರಿನಾಗ ಎರಡು ವರ್ಷ ಕೆಲಸ ಮಾಡಿ ಬಂದಾನ. ಅಲ್ಲಿ ಹುಡುಗರು ಸಾಲಾಗಿ ಮಷೀನ್ ಇಟ್ಕೊಂಡು ಅರ್ಧ ದಿನದಾಗ ಕಿಚನ್ ಕೂಡ್ಸೋದು ನೋಡ್ಯಾನ. ಅಪ್ಪನಂಗ ಬೆರಳು ಕಳ್ಕೊಂಡು ಮಣಿಕಟ್ಟಿಗಿ ಎಣ್ಣಿ ಹಚ್ಕೊಂಡು ಕುಂದ್ರೋ ಬಾಳು ಅವಗ ಬ್ಯಾಡ. ಈ ಕಸುಬು ಬಿಟ್ಟು ಹೋಗೋರೇ ಹೆಚ್ಚಾದ ಕಾಲದಾಗ, ಇದರಾಗೇ ಛಲೋ ಹತ್ಯಾರ ಬೇಕನ್ನೋ ಮಗ ಇದ್ದಾನಂದ್ರ ನಾ ಕಣ್ಣಿಗಿ ಒತ್ಕೋಬೇಕು. ನನ್ನ ತಕರಾರು ಅವನ ಆಸಿ ಮ್ಯಾಲ ಅಲ್ಲ. ಆಸಿಯನ್ನ ಸೆಟ್ ಮಾಡಿ, ಡಬ್ಬ್ಯಾಗ ಹಾಕಿ, ಕಂತು ಕಟ್ಟಿ ಮಾರೋರ ಮ್ಯಾಲ. ಹತ್ಯಾರ ಮನಿ ನಡಸಬೇಕು. ಹತ್ಯಾರದ ಕಂತು ಮನಿ ನಡಸಾಕ ಹತ್ತಿದ್ರ ಬಡಿಗ್ಯಾ ತನ್ನ ಮಷೀನಿಗೇ ಕೂಲಿ ಆದಂಗ.

ಆದದ್ದಿಷ್ಟು. ಸೆಟ್ ಬ್ಯಾಡ ಅಂತ ಆಯ್ತು. ಯಾದಗಿರ್ಯಾಗ ರಿಪೇರಿ ಸಿಗೋ ಮನಿತನದ 18 ವೋಲ್ಟಿನ ಡ್ರಿಲ್ಲು ಒಂದು, ಎರಡು ಬ್ಯಾಟರಿ. ಗಾರ್ಡ್ ಇರೋ ವೈರಿನ ಸರ್ಕ್ಯುಲರ್ ಸಾ ಒಂದು. ಮಾರ್ಬಲ್ ಕಟರ್ ಫರಸಿ ಕೊಯ್ಯೋ ಮಿಸ್ತ್ರಿಗಿ ಮಾರಿ ಬಿಟ್ವಿ. ಇಂಪ್ಯಾಕ್ಟ್ ಡ್ರೈವರ್ ದೀಪಾವಳಿಗಿ, ಬರೇ ಮಷೀನು. ಮಗಳ ಫೀಸು ಅಂದ್ಕೊಂಡಂಗ ಜೂನಿನಾಗ.

ಪೆಟ್ಟಿಗಿ ಮಗನೇ ಮಾಡ್ಯಾನ, ಎರಡು ಸಂಜ್ಯಾಗ. ಮಾವ ಕಟ್ಟಿ ಮ್ಯಾಲ ಕುಂತು, "ಆ ಮೂಲಿ ಗುಣ್ಯಾಕ್ಕಿಲ್ಲ ನೋಡು" ಅಂತ ಎರಡು ಸಲ ಬಿಚ್ಚಿಸಿದ್ರು. ನಡುವಿನದರ ಮುಚ್ಚಳ ಇನ್ನೂ ಒಂದು ಕೂದಲೆಳಿ ಎತ್ತರ ಅದ, ಉಜ್ಜಬೇಕು. ಆ ಕೆಂಪು ಪೆಟ್ಟಿಗಿ ಫೋಟೋ ಫೋನಿನಾಗಿಂದ ಅಳಸಿಲ್ಲ ಅವ, ನಂಗ ಗೊತ್ತದ. ಇರ್ಲಿ ಬಿಡ್ರಿ, ಫೋಟೋಕ್ಕ ಕಂತಿಲ್ಲ.